ಗುಳ್ಳೆಯಮ್ಮ ಕಟ್ಟಿದ ಸದ್ದಿಲ್ಲದ ಕಂಪ್ಯೂಟರ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಸೊಂಟದೆತ್ತರದ ಸಿಮೆಂಟ್ ತೊಟ್ಟಿ. ಅದರ ಮೇಲೆ ಬಾಗಿ ನಿಂತ ಹೆಂಗಸೊಬ್ಬರು ಲಾರಿಯ ರೇಡಿಯೇಟರೊಂದನ್ನು ನೀರಿನೊಳಗೆ ಅದುಮಿ ಹಿಡಿದಿದ್ದಾರೆ. ರೇಡಿಯೇಟರಿನ ಒಂದು ಬಾಯಿಗೆ ರಬ್ಬರ್ ಬಿರಡೆ, ಇನ್ನೊಂದಕ್ಕೆ ಗಾಳಿಯ ಕೊಳವೆ. ಕಾಲಿನಿಂದ ಪಂಪು ಒತ್ತುತ್ತಾರೆ, ನೀರನ್ನೇ ದಿಟ್ಟಿಸುತ್ತಾರೆ. ಏನೂ ಕಾಣುವುದಿಲ್ಲ. ಇಂಜಿನ್ ಕಾಯುತ್ತಿದೆ ಎಂದು ಬಂದ ಲಾರಿ ಡ್ರೈವರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾನೆ. "ನೋಡಿದ್ರಾ, ಇದು ಸರಿಯಾಗೇ ಇದೆ. ನಿನ್ನೆ ತಾನೇ ಬೇರೆ ಕಡೆ ಬೆಸುಗೆ ಹಾಕ್ಸಿದ್ದು. ತೊಂದ್ರೆ ಬೇರೆಲ್ಲೋ ಇದೆ, ಬಿಡಿ" ಎನ್ನುತ್ತಾನೆ. ಇವರು ತಲೆ ಎತ್ತುವುದಿಲ್ಲ. ಮತ್ತೆ ಪಂಪು ಒತ್ತುತ್ತಾರೆ, ಮತ್ತೆ ಕಾಯುತ್ತಾರೆ. ಕೊನೆಗೂ ತಳದ ಮೂಲೆಯಿಂದ ಸಾಸಿವೆ ಕಾಳಿನಷ್ಟು ದಪ್ಪದ ಒಂದು ಗುಳ್ಳೆ ಹೊರಟು, ಮೆಲ್ಲಗೆ ಮೇಲೆ ಬಂದು, ಒಡೆಯುತ್ತದೆ.

"ಅಲ್ಲಿದ್ದಾನೆ ಕಳ್ಳ" ಎನ್ನುತ್ತಾರೆ ಅವರು. ಡ್ರೈವರ್ ಕಟ್ಟಿದ ಕೈ ಬಿಚ್ಚಿ ತೊಟ್ಟಿಯ ಮೇಲೆ ಬಾಗುತ್ತಾನೆ.

ಈ ಬೀದಿಯಲ್ಲಿ ಎಲ್ಲರೂ ಇವರನ್ನು ಗುಳ್ಳೆಯಮ್ಮ ಎಂದೇ ಕರೆಯುತ್ತಾರೆ. ಕೆಲವರು ಬೆನ್ನ ಹಿಂದೆ ಅನುಮಾನದಮ್ಮ ಎನ್ನುವುದೂ ಉಂಟು. ಎರಡೂ ಹೆಸರು ಇವರಿಗೆ ಗೊತ್ತು, ಎರಡಕ್ಕೂ ಬೇಸರವಿಲ್ಲ. "ಸೋರಲ್ಲ ಅಂತ ನಂಬಿದವರು ಈ ಕೆಲಸಕ್ಕೆ ಬರಬಾರದು. ಬೇರೆಯವರದ್ದು ಬಿಡಿ, ನಾನೇ ಹಾಕಿದ ಬೆಸುಗೆನೂ ನಾನು ನಂಬಲ್ಲ. ತೊಟ್ಟೀಲಿ ಮುಳುಗಿಸಿ ನೋಡಿದ ಮೇಲೇನೇ ನಂಬೋದು. ಆಮೇಲೂ ಒಂಚೂರು ಅನುಮಾನ ಇಟ್ಕೊಂಡಿರ್ತೀನಿ."

ನಾನು ಇವರನ್ನು ಹುಡುಕಿಕೊಂಡು ಬಂದದ್ದೂ ಅನುಮಾನದಿಂದಲೇ. ಫ್ಯಾನೂ ಇಲ್ಲದೆ, ಪಂಪೂ ಇಲ್ಲದೆ, ಬರೀ ನೀರಿನಿಂದ ಕಂಪ್ಯೂಟರನ್ನು ತಣ್ಣಗಿಡುವ ಹೆಂಗಸೊಬ್ಬರು ಇದ್ದಾರೆ ಎಂದು ಓದುಗರೊಬ್ಬರು ಕಚೇರಿಗೆ ಫೋನ್ ಮಾಡಿ ಹೇಳಿದ್ದರು. ಪತ್ರಿಕೆಗೆ ಇಂಥ ಸುದ್ದಿಗಳು ಬರುತ್ತಲೇ ಇರುತ್ತವೆ. ನೀರು ಕುಡಿದು ಓಡುವ ಬೈಕು, ಕರೆಂಟಿಲ್ಲದೆ ಉರಿಯುವ ಬಲ್ಬು. ಹೋಗಿ ನೋಡಿದರೆ ಎಲ್ಲೋ ಒಂದು ಕಡೆ ಕಳ್ಳ ತಂತಿ ಇದ್ದೇ ಇರುತ್ತದೆ. ಹಾಗಾಗಿ ನಾನು ಹೊಗಳಲು ಬಂದವನಲ್ಲ. ಬಚ್ಚಿಟ್ಟ ಫ್ಯಾನನ್ನು ಹಿಡಿಯಲು ಬಂದವನು.

ಅವರೂ ನನ್ನನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಗುರುತಿನ ಚೀಟಿ ಕೇಳಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಫೋಟೋ ನೋಡಿ, ನನ್ನ ಮುಖ ನೋಡಿ, "ಇದ್ರಲ್ಲಿ ಕೂದಲಿದೆಯಲ್ಲ?" ಎಂದರು. ಹಳೆಯ ಫೋಟೋ ಎಂದೆ. ಸಮಾಧಾನವಾದಂತೆ ಕಾಣಲಿಲ್ಲ. ನನ್ನೆದುರೇ ಕಚೇರಿಗೆ ಫೋನ್ ಮಾಡಿ, ಇಂಥ ಮುಖಚರ್ಯೆಯ ಒಬ್ಬರು ನಿಮ್ಮಲ್ಲಿ ಕೆಲಸ ಮಾಡುವುದು ಹೌದೇ ಎಂದು ವಿಚಾರಿಸಿದರು. ಹೌದು ಎಂದು ಗೊತ್ತಾದ ಮೇಲೆಯೇ ಕೈ ತೊಳೆದುಕೊಂಡು, "ಬನ್ನಿ, ಮನೆಗೆ ಹೋಗೋಣ" ಎಂದರು.

ಮನೆ ಇರುವುದು ಶೆಡ್ಡಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ. ಎರಡು ಕೋಣೆ, ಒಂದು ಅಡುಗೆಮನೆ. ಕೆಳಗೆ ಮನೆಯ ಯಜಮಾನಿ, ಮೇಲೆ ಇವರು, ಇವರ ಅಕ್ಕ, ಭಾವ. ಒಳಗಿನ ಕೋಣೆಯ ಬಾಗಿಲಿಗೆ ದಪ್ಪ ಪರದೆ. ಅದನ್ನು ಸರಿಸಿದರೆ ಕಿಟಕಿಗೆ ಹೊದಿಕೆ ಹೊಡೆದ, ಗೋಡೆಗೆ ಹಳೆಯ ಹಾಸಿಗೆಯ ಹತ್ತಿ ಒತ್ತಿದ ಪುಟ್ಟ ಜಾಗ. ಮೇಜಿನ ಮೇಲೆ ಮೈಕು, ಮೇಜಿನ ಕೆಳಗೆ ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರ್. ಅದರ ಒಳಗಿನಿಂದ ಹೊರಟ ಎರಡು ದಪ್ಪ ಪೈಪುಗಳು ಗೋಡೆಗುಂಟ ಮೇಲೆ ಹೋಗುತ್ತವೆ. ತಲೆಯೆತ್ತರಕ್ಕಿಂತ ಮೇಲೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ, ಕಬ್ಬಿಣದ ಕೊಕ್ಕೆಗಳ ಮೇಲೆ ಕೂತಿದೆ ಹಳೆಯ ಟ್ರ್ಯಾಕ್ಟರಿನ ರೇಡಿಯೇಟರ್. ಹಿತ್ತಾಳೆಯ ತಲೆ, ತಾಮ್ರದ ಮೈ. ಅದರ ಮೇಲೆ ಬೆಳ್ಳಗಿನ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ನೀರು.

ಕಂಪ್ಯೂಟರ್ ಓಡುತ್ತಿದೆ. ಮಾನಿಟರಿನಲ್ಲಿ ಅಕ್ಷರಗಳಿವೆ, ದೀಪ ಮಿನುಗುತ್ತಿದೆ. ಸದ್ದು ಮಾತ್ರ ಇಲ್ಲ. ನಾನು ಮೇಜಿನ ಕೆಳಗೆ ತೂರಿದೆ. ಕಂಪ್ಯೂಟರಿಗೆ ಕಿವಿ ಹಚ್ಚಿದೆ, ರೇಡಿಯೇಟರಿನ ಹಿಂದೆ ಕೈ ಹಾಕಿದೆ, ಬೀರುವಿನ ಬಾಗಿಲು ತೆಗೆಸಿದೆ. ಬೀರುವಿನಲ್ಲಿ ಬಟ್ಟೆ ಇತ್ತು.

"ಮಂಚದ ಕೆಳಗೂ ನೋಡ್ಬಿಡಿ" ಎಂದರು ಗುಳ್ಳೆಯಮ್ಮ. ನೋಡಿದೆ. ಅಲ್ಲಿಯೂ ಫ್ಯಾನ್ ಇರಲಿಲ್ಲ.

ಈ ಉಸಾಬರಿ ಯಾಕೆ ಬೇಕಾಯಿತು ಎಂಬುದಕ್ಕೆ ಅಕ್ಕನಿಂದಲೇ ಶುರುಮಾಡಬೇಕು. ಅಪ್ಪನದು ಇದೇ ಶೆಡ್ಡು. ಅಕ್ಕ ಓದಿ ಶಾಲೆಯಲ್ಲಿ ಟೀಚರಾದರು. ತಂಗಿ ಓದು ಬಿಟ್ಟು ಅಪ್ಪನ ತೊಟ್ಟಿಯ ಮುಂದೆ ನಿಂತರು. ಮದುವೆಯಾಗಿ ಹೋದವರು ವರ್ಷ ಕಳೆಯುವುದರೊಳಗೆ ವಾಪಸ್ ಬಂದರು. ಯಾಕೆಂದು ಕೇಳಿದರೆ "ಅಲ್ಲೂ ಲೀಕಿತ್ತು" ಎಂದು ನಗುತ್ತಾರೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಪ್ಪ ಹೋದ ಮೇಲೆ ಹೆಂಗಸು ಹಾಕಿದ ಬೆಸುಗೆ ನಿಲ್ಲುತ್ತದೆಯೇ ಎಂದು ಲಾರಿಯವರು ಹಿಂದೇಟು ಹಾಕಿದ್ದರು. ಈಗ ದಿನಕ್ಕೆ ನಾಲ್ಕೈದು ರೇಡಿಯೇಟರ್ ಬರುತ್ತವೆ. ಮೊದಲು ಇದರ ಎರಡರಷ್ಟು ಬರುತ್ತಿದ್ದವು. ಹೊಸ ಗಾಡಿಗಳದ್ದು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ. ಸೋರಿದರೆ ರಿಪೇರಿ ಇಲ್ಲ, ಕಿತ್ತು ಬಿಸಾಡುವುದೇ. ಬೆಸುಗೆಯ ಹೊಗೆ ಕುಡಿದು ಇವರ ಎದೆ ಕಟ್ಟಿದೆ. ಬಲಗೈಯ ಎರಡು ಬೆರಳಿಗೆ ಬಿಸಿ ತಣ್ಣಗೆ ಒಂದೂ ತಿಳಿಯುವುದಿಲ್ಲ. ಏನನ್ನಾದರೂ ಮುಟ್ಟಿ ನೋಡಬೇಕಾದರೆ ಎಡಗೈ ಚಾಚುತ್ತಾರೆ.

ಅಕ್ಕನ ಮಂಡಿಗಳು ಹಿಡಿದುಕೊಂಡವು. ಮೆಟ್ಟಿಲು ಇಳಿಯಲಾಗದೆ ಶಾಲೆ ಬಿಡಬೇಕಾಯಿತು. ದಿನವಿಡೀ ಮಾತಾಡಿ ಬದುಕಿದ ಹೆಂಗಸು, ಕಿಟಕಿಯ ಬಳಿ ಕೂತು ಬೀದಿ ನೋಡುವಂತಾಯಿತು. ಅಂಥ ಹೊತ್ತಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಕೇಂದ್ರವೊಂದು, ಮನೆಯಲ್ಲೇ ಕೂತು ಓದುವವರು ಬೇಕು ಎಂದಿತು. ಅಕ್ಕ ಒಪ್ಪಿಕೊಂಡರು. ನಿವೃತ್ತ ಬಸ್ ಡ್ರೈವರಾದ ಭಾವ ಹಳೆಯದೊಂದು ಕಂಪ್ಯೂಟರ್ ಕೊಡಿಸಿದರು. ಓದಿದಂತೆಲ್ಲ ಪುಟಪುಟಕ್ಕೂ ಗುರುತು ಹಾಕುತ್ತ ಹೋಗುವ ತಂತ್ರಾಂಶವನ್ನು ಕೇಂದ್ರದವರು ಅದರಲ್ಲಿ ಹಾಕಿಕೊಟ್ಟರು. ಫೋನಿನಲ್ಲಿ ಆಗುವ ಕೆಲಸವಲ್ಲ ಅದು.

ಮೊದಲ ಪುಸ್ತಕವೇ ವಾಪಸ್ ಬಂತು. ಮುದ್ರಣಗಳನ್ನು ಕೇಳಿ ಒಪ್ಪುವ ಪರಿಶೀಲಕರಿಗೂ ಕಣ್ಣು ಕಾಣುವುದಿಲ್ಲ. ಅವರ ಕಿವಿಯಿಂದ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. "ಮೇಡಂ, ನಿಮ್ಮ ದನಿ ಬಂಗಾರ. ಆದ್ರೆ ನಿಮ್ಮ ಹಿಂದೆ ಯಾರೋ ಕೂತ್ಕೊಂಡು ಊದ್ತಾನೇ ಇದ್ದಾರೆ. ಪರೀಕ್ಷೆಗೆ ಓದೋ ಮಕ್ಕಳು ದಿನವಿಡೀ ಇದನ್ನ ಕಿವಿಗೆ ಹಾಕ್ಕೊಂಡಿರ್ತಾರೆ. ತಲೆ ಸಿಡಿಯುತ್ತೆ" ಎಂದರು. ಊದುತ್ತಿದ್ದದ್ದು ಕಂಪ್ಯೂಟರಿನ ಫ್ಯಾನು. ಮೇಲೆ ಕಂಬಳಿ ಹೊದಿಸಿದರೆ ಅದು ಇನ್ನಷ್ಟು ಕಾದು ಇನ್ನಷ್ಟು ಊದಿತು. ಆಚೆ ಕೋಣೆಯಲ್ಲಿಟ್ಟರೂ ಇಷ್ಟು ಸಣ್ಣ ಮನೆಯಲ್ಲಿ ಕೇಳಿಸುತ್ತಿತ್ತು. ಎರಡನೆಯ ಪುಸ್ತಕವೂ ವಾಪಸ್ ಬಂದ ದಿನ ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದವರು ಊಟಕ್ಕೂ ಏಳಲಿಲ್ಲ.

"ಅಕ್ಕನ್ನ ಹಾಗೆ ಯಾವತ್ತೂ ನೋಡಿರ್ಲಿಲ್ಲ" ಎನ್ನುತ್ತಾರೆ ಗುಳ್ಳೆಯಮ್ಮ. "ಕಂಪ್ಯೂಟರಿನ ಮುಚ್ಚಳ ಬಿಚ್ಚಿ ನೋಡ್ದೆ. ಒಳಗೆ ಒಂದು ಬಿಲ್ಲೆ ಕಾಯ್ತಿದೆ, ಅದಕ್ಕೆ ಫ್ಯಾನು ಗಾಳಿ ಹಾಕ್ತಿದೆ. ಇಷ್ಟೇನಾ ಅನ್ನಿಸ್ತು. ಇದೂ ಒಂದು ಇಂಜಿನ್ನೇ ಅಲ್ವಾ? ಹಳೇ ಟ್ರ್ಯಾಕ್ಟರುಗಳಲ್ಲಿ ನೀರು ತಿರುಗಿಸೋಕೆ ಪಂಪೇ ಇರ್ತಿರ್ಲಿಲ್ಲ. ಬಿಸಿಯಾದ ನೀರು ಹಗುರಾಗಿ ತಾನಾಗೇ ಮೇಲೆ ಹೋಗುತ್ತೆ, ಮೇಲೆ ತಣ್ಣಗಾಗಿ ಭಾರ ಆಗಿ ಕೆಳಗಿಳಿಯುತ್ತೆ. ಅಪ್ಪ ತೋರಿಸಿದ್ರು."

ಇಷ್ಟೇನಾ ಎಂದುಕೊಂಡದ್ದು ಇಷ್ಟಕ್ಕೇ ಮುಗಿಯಲಿಲ್ಲ. ತಾಮ್ರದ ತುಂಡೊಂದನ್ನು ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಕನ್ನಡಿಯಂತಾಗುವವರೆಗೆ ಉಜ್ಜಿದರು. ಅದರ ಬೆನ್ನಿಗೆ ತಾಮ್ರದ್ದೇ ಪುಟ್ಟ ಪೆಟ್ಟಿಗೆ ಬೆಸೆದು, ನೀರು ಬರಲು ಒಂದು ಬಾಯಿ, ಹೋಗಲು ಒಂದು ಬಾಯಿ ಇಟ್ಟರು. ಫ್ಯಾನು ಕಿತ್ತು, ಕಾಯುವ ಬಿಲ್ಲೆಯ ಮೇಲೆ ಅದನ್ನು ಕೂರಿಸಿದರು. ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿಯಲ್ಲೂ ಒಂದು ಫ್ಯಾನಿತ್ತು. ಅದರ ಬದಲು ಫ್ಯಾನಿಲ್ಲದ ಡಬ್ಬಿಯನ್ನು ಕಂಪ್ಯೂಟರ್ ಅಂಗಡಿಯವನು ಹುಡುಕಿಕೊಟ್ಟ. ತಿರುಗುವ ಡಿಸ್ಕನ್ನೂ ತೆಗೆದು ತಿರುಗದ ಡಿಸ್ಕ್ ಹಾಕಿಕೊಟ್ಟ. ರೇಡಿಯೇಟರಿಗೆ ಮಾತ್ರ ಗುಳ್ಳೆಯಮ್ಮ ಗುಜರಿಗೆ ಹೋಗಿ ಹೊಸ ಕಾರಿನದೊಂದನ್ನು ಎತ್ತಿಕೊಂಡು ಬಂದರು. ಅಲ್ಯೂಮಿನಿಯಂನದ್ದು, ಹಗುರ, ನೋಡಲು ಚೆನ್ನ.

"ಬೇಡಮ್ಮಾ" ಎಂದ ಅಂಗಡಿಯವನು. "ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ನೀರಲ್ಲಿ ಇಟ್ರೆ ಒಂದನ್ನೊಂದು ತಿನ್ನುತ್ತೆ."

"ಇವನು ತನ್ನ ಅಂಗಡೀದು ಏನೋ ಮಾರೋಕೆ ನೋಡ್ತಿದ್ದಾನೆ ಅಂದ್ಕೊಂಡೆ" ಎಂದು ಗುಳ್ಳೆಯಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. "ಸ್ವಲ್ಪ ದಿನಕ್ಕೆ ನೀರು ಹಾಲಿನ ಥರ ಆಯ್ತು. ತಳದಲ್ಲಿ ಬೂದಿ ಬೂದಿ. ಅವನು ಹೇಳಿದ್ದೇ ನಿಜ. ಹೋಗಿ ತಪ್ಪಾಯ್ತಪ್ಪಾ ಅಂದೆ. ನಗಾಡ್ತಾ ಚಹಾ ಕುಡಿಸಿ ಕಳಿಸಿದ."

ಗುಜರಿಯಿಂದ ಎರಡನೆಯ ಸಲ ಬಂದದ್ದೇ ಈಗ ಗೋಡೆಯ ಮೇಲಿರುವ ಹಿತ್ತಾಳೆ ತಾಮ್ರದ ಮುದಿ ರೇಡಿಯೇಟರ್. ಅದನ್ನು ಗೋಡೆಗೇರಿಸಿದ ದಿನ ಕಂಪ್ಯೂಟರ್ ಕಾದು ಕಾದು ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ನೀರು ತಿರುಗುತ್ತಲೇ ಇರಲಿಲ್ಲ. ಪೈಪನ್ನು ಉದ್ದಕ್ಕೂ ಎಡಗೈಯಿಂದ ಮುಟ್ಟುತ್ತ ಹೋದರು. ಒಂದು ಕಡೆ ಬಿಸಿ, ಅಲ್ಲಿಂದಾಚೆ ತಣ್ಣಗೆ. ಪೈಪು ಒಂಟೆಯ ಬೆನ್ನಿನಂತೆ ಬಾಗಿದ್ದ ಜಾಗ ಅದು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಳಗೊಂದು ಗಾಳಿಯ ಗುಳ್ಳೆ ಕೂತು ದಾರಿ ಕಟ್ಟಿತ್ತು. ಜೀವಮಾನವಿಡೀ ಗುಳ್ಳೆ ಹುಡುಕಿದವರಿಗೆ ತಮ್ಮದೇ ಪೈಪಿನ ಗುಳ್ಳೆ ಕಾಣಲು ಒಂದು ಹಗಲು ಹಿಡಿಯಿತು. ಪೈಪು ಎಲ್ಲೂ ತಗ್ಗದೆ, ಬಾಗದೆ, ಏರುತ್ತಲೇ ಹೋಗುವಂತೆ ಕಟ್ಟಿದ ಮೇಲೆ ನೀರು ಹೊರಟಿತು.

ಅಷ್ಟರಲ್ಲಿ ಮನೆಯವರು, ಹೊರಗಿನವರು ಎಲ್ಲರ ಕಣ್ಣೂ ಈ ಕೋಣೆಯ ಮೇಲೆ ಬಿದ್ದಿತ್ತು. ಮಹಡಿಗೆ ತಾಮ್ರದ ಕೊಳವೆ ಹೋಗುವುದನ್ನೂ ಡಬ್ಬಿ ಹೋಗುವುದನ್ನೂ ಕೆಳಗಿನ ಯಜಮಾನಿ ಬಾಗಿಲ ಸಂದಿಯಿಂದ ನೋಡಿದ್ದರು. ಮುಚ್ಚಿದ ಕಿಟಕಿಯನ್ನೂ ನೋಡಿದ್ದರು. ಒಂದು ಬೆಳಿಗ್ಗೆ ಕತ್ತರಿ ಕೇಳುವ ನೆಪದಲ್ಲಿ ಮೇಲೆ ಬಂದು ಮೂಗರಳಿಸಿದರು.

"ಏನು ಕಾಯಿಸ್ತಿದ್ದೀರಾ ಒಳಗೆ?"

"ಏನೂ ಕಾಯಿಸ್ತಿಲ್ಲಮ್ಮಾ. ಕಂಪ್ಯೂಟರ್ ತಣ್ಣಗೆ ಮಾಡ್ತಿದ್ದೀನಿ."

"ಕಂಪ್ಯೂಟರ್‌ಗೆ ಯಾರಾದ್ರೂ ನೀರು ಹಾಕ್ತಾರಾ? ನನಗೇನು ಕಿವೀಲಿ ಹೂ ಇಡ್ತೀರಾ? ಈ ಮನೇಲಿ ಸಾರಾಯಿ ಗೀರಾಯಿ ಅಂದ್ರೆ ನಾನು ಸುಮ್ನಿರಲ್ಲ" ಎಂದವರೇ ಕುರ್ಚಿ ಹತ್ತಿ ಡಬ್ಬಿಯಲ್ಲಿ ಬೆರಳದ್ದಿ ಬಾಯಿಗಿಟ್ಟುಕೊಂಡರು. ಬ್ಯಾಟರಿಗೆ ಹಾಕುವ ನೀರು ಅದು ಎಂದ ಕೂಡಲೇ ಬಚ್ಚಲಿಗೆ ಓಡಿದರು. ಹೋಗುವಾಗ ಒಂದು ಮಾತು ಹೇಳಿಯೇ ಹೋದರು: ತಮ್ಮ ಚಾವಣಿಯಿಂದ ಒಂದು ಹನಿ ತೊಟ್ಟಿಕ್ಕಿದರೂ ಮನೆ ಖಾಲಿ ಮಾಡಬೇಕು.

ಭಾವನ ವಿರೋಧ ಬೇರೆಯದು. ತಾವು ಪ್ರೀತಿಯಿಂದ ಕೊಡಿಸಿದ ಕಂಪ್ಯೂಟರಿನ ಹೊಟ್ಟೆಗೆ ನಾದಿನಿ ನೀರು ತುಂಬಿಸುತ್ತಿದ್ದಾಳೆ. ನೀರು, ಕರೆಂಟು ಎರಡೂ ಒಂದೇ ಡಬ್ಬಿಯಲ್ಲಿ. "ಮೂರೂ ಜನ ಒಂದಿನ ಸುಟ್ಟು ಕರಕಲಾಗ್ತೀವಿ ನೋಡ್ತಿರು. ನಾನಂತೂ ಆ ಕೋಣೆಗೆ ಕಾಲಿಡಲ್ಲ" ಎಂದು ಸಾರಿದರು. ಅಕ್ಕ ಓದಲು ಕೂತರೆ ಅವರು ಚಪ್ಪಲಿ ಮೆಟ್ಟಿ ವಾಕಿಂಗಿಗೆ ಹೊರಡುವುದು ರೂಢಿಯಾಯಿತು. ಮೈಕಿನ ಮುಂದೆ ಕೂತಾಗ ಮನೆಯವರು ಯಾರಾದರೂ ಎದುರಿದ್ದರೆ ಅಕ್ಕನಿಗೂ ಓದಲು ನಾಲಿಗೆ ಏಳುವುದಿಲ್ಲ. ಹಾಗಾಗಿ ಅದು ಇಬ್ಬರಿಗೂ ಅನುಕೂಲವೇ ಆಯಿತು.

ಹೊಸ ಮುದ್ರಣ ಕೇಳಿದ ಪರಿಶೀಲಕರು ನಂಬಲಿಲ್ಲ. ಸ್ಟುಡಿಯೋಗೆ ಹೋಗಿ ಓದಿದಿರಾ ಎಂದರು. ಮನೆಯಲ್ಲೇ ಎಂದರೆ ಇನ್ನೂ ಅನುಮಾನ. ಕೋಲು ಹಿಡಿದು ತಾವೇ ಮೆಟ್ಟಿಲು ಹತ್ತಿ ಬಂದರು. ಕಂಪ್ಯೂಟರ್ ಆನ್ ಆಗಿದೆಯೇ, ಆಗಿದೆಯೇ ಎಂದು ಎರಡೆರಡು ಸಲ ಕೇಳಿದರು. ಗುಳ್ಳೆಯಮ್ಮ ಏನನ್ನೂ ವಿವರಿಸದೆ ಅವರ ಒಂದು ಕೈಯನ್ನು ಮೇಲೇರುವ ಪೈಪಿನ ಮೇಲೆ, ಇನ್ನೊಂದನ್ನು ಕೆಳಗಿಳಿಯುವ ಪೈಪಿನ ಮೇಲೆ ಇಟ್ಟರು. ಒಂದು ಬೆಚ್ಚಗೆ, ಒಂದು ತಣ್ಣಗೆ. ಅವರು ಎರಡೂ ಪೈಪುಗಳ ಉದ್ದಕ್ಕೂ ಬೆರಳಾಡಿಸಿದರಂತೆ. "ಇದು ಓಡಾಡ್ತಿದೆ" ಎಂದರಂತೆ ಮೆತ್ತಗೆ. ಚರಿತ್ರೆಯ ದಪ್ಪ ಪಠ್ಯಪುಸ್ತಕವನ್ನು ಅಕ್ಕನಿಗೆ ಕೊಟ್ಟರು. ಪರೀಕ್ಷೆ ದೂರವಿರಲಿಲ್ಲ.

ಪುಸ್ತಕ ಅರ್ಧವಾಗುವ ಹೊತ್ತಿಗೆ ಗುಳ್ಳೆಯಮ್ಮನಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಡಬ್ಬಿಯ ಮುಚ್ಚಳ ಸಡಿಲ. ಬಿಸಿ ನೀರು ದಿನಕ್ಕೊಂದಿಷ್ಟು ಆವಿಯಾಗಲೇಬೇಕು. ಮಟ್ಟ ಗುರುತಿಸಲು ಡಬ್ಬಿಯ ಮೇಲೆ ಗೆರೆ ಎಳೆದಿದ್ದರು. ನೀರು ಗೆರೆಯಿಂದ ಕೆಳಗಿಳಿಯಲೇ ಇಲ್ಲ.

"ಕಮ್ಮಿಯಾದ್ರೆ ಎಲ್ಲರಿಗೂ ಭಯ ಆಗುತ್ತೆ. ನನಗೆ ಕಮ್ಮಿಯಾಗ್ದೇ ಇದ್ದದ್ದಕ್ಕೆ ಭಯ ಆಯ್ತು" ಎನ್ನುತ್ತಾರೆ. ಮುಚ್ಚಳ ತೆಗೆದು ಮೂಸಿದರು. ನಲ್ಲಿ ನೀರಿನ ಬ್ಲೀಚಿಂಗ್ ಪುಡಿಯ ವಾಸನೆ. ಡಬ್ಬಿಯ ಗೋಡೆಗೆ ಬೆಳ್ಳಗೆ ಸುಣ್ಣ ಕಟ್ಟಿತ್ತು, ತಳದಲ್ಲಿ ತೆಳುವಾಗಿ ಪಾಚಿ. ಯಾರೋ ಕದ್ದು ನೀರು ಹಾಕುತ್ತಿದ್ದಾರೆ. ಹೀಗೇ ಬಿಟ್ಟರೆ ತಾಮ್ರದ ಪುಟ್ಟ ಪೆಟ್ಟಿಗೆಯೊಳಗೆ ಸುಣ್ಣ ಕಟ್ಟಿ ದಾರಿ ಮುಚ್ಚುತ್ತದೆ. ಕಂಪ್ಯೂಟರ್ ಹೋಗುತ್ತದೆ, ಪುಸ್ತಕ ಅರ್ಧಕ್ಕೇ ನಿಲ್ಲುತ್ತದೆ.

ಕೆಳಗಿನ ಯಜಮಾನಿಯ ಮೇಲೆ ಗುಮಾನಿ ಬಂತು. ಆದರೆ ಅವರು ಆ ದಿನದಿಂದ ಮೇಲೆ ಹತ್ತಿರಲಿಲ್ಲ. ಅಕ್ಕನಿಗೆ ಅಷ್ಟೆತ್ತರ ಕೈ ಎಟುಕದು, ಕುರ್ಚಿ ಹತ್ತಲು ಮಂಡಿ ಬಿಡದು. ಉಳಿದವರು ಒಬ್ಬರೇ. ಗುಳ್ಳೆಯಮ್ಮ ಮುಚ್ಚಳಕ್ಕೆ ಅಡ್ಡಲಾಗಿ ಬಿಳಿ ದಾರದ ಎಳೆಯೊಂದನ್ನು ಅಂಟಿಸಿ ಕೆಲಸಕ್ಕೆ ಹೋದರು. ಮಧ್ಯಾಹ್ನ ಬಂದು ನೋಡಿದರೆ ದಾರ ಹರಿದಿತ್ತು.

ಊಟಕ್ಕೆ ಕೂತಾಗ ನೇರವಾಗಿಯೇ ಕೇಳಿದರು. "ಭಾವ, ಡಬ್ಬಿಗೆ ನೀರು ಹಾಕಿದ್ಯಾರು?"

"ನಂಗೇನು ಗೊತ್ತು. ಆ ಕಡೆ ನಾನು ತಲೇನೂ ಹಾಕಲ್ಲ."

"ಮತ್ತೆ ದಾರ ಯಾಕೆ ಹರೀತು? ಮಿಷನ್ ಹಾಳಾಗ್ಲಿ ಅಂತಾನೇ ಹಾಕಿದ್ದಾ? ಅಕ್ಕ ಮತ್ತೆ ಗೋಡೆ ಕಡೆ ಮುಖ ಹಾಕಿ ಮಲ್ಕೊಳ್ಳಿ ಅಂತಾನಾ?"

ಭಾವ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿ, ಕೈ ತೊಳೆದು ಹೊರಗೆ ಹೋದರು. ಮರುದಿನ ಗುಳ್ಳೆಯಮ್ಮ ನೀರನ್ನೆಲ್ಲ ಚೆಲ್ಲಿ, ತೊಳೆದು, ಹೊಸದಾಗಿ ಬ್ಯಾಟರಿ ನೀರು ತುಂಬಿ, ಡಬ್ಬಿಯ ಮುಚ್ಚಳಕ್ಕೆ ಕೊಂಡಿ ಕೂರಿಸಿ ಬೀಗ ಹಾಕಿದರು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮನೆಯಲ್ಲಿ ಮಾತು ನಿಂತಿತು. "ನಾನು ಒಳಗೆ ಕೂತು ಓದ್ತಿದ್ದ ಪಾಠ ಬಿಟ್ರೆ ಈ ಮನೇಲಿ ಬೇರೆ ಮಾತೇ ಇರ್ಲಿಲ್ಲ" ಎನ್ನುತ್ತಾರೆ ಅಕ್ಕ. "ಒಂದು ಕಡೆ ಕಟ್ಟಿಕೊಂಡವರು, ಒಂದು ಕಡೆ ಒಡಹುಟ್ಟಿದವಳು. ಯಾರ ಕಡೆ ನೋಡಿದ್ರೂ ಇನ್ನೊಬ್ಬರಿಗೆ ಕೋಪ."

ಅದಾಗಿ ಕೆಲವು ದಿನಕ್ಕೆ ಪರಿಶೀಲಕರು ಫೋನ್ ಮಾಡಿದರು. ಹಿಂದಿನ ವಾರಗಳಲ್ಲಿ ಕಳಿಸಿದ ಪಾಠಗಳನ್ನು ಕೇಳಿ ಮುಗಿಸಿದ್ದರು. ದನಿಯಲ್ಲಿ ಹಿಂಜರಿಕೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಓದೋವಾಗ ನಿಮ್ಮ ಜೊತೆ ಯಾರಿರ್ತಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

"ಇಲ್ಲ ಮೇಡಂ. ಓದೋರು ಒಬ್ಬರು, ಉಸಿರಾಡೋರು ಇಬ್ಬರು."

ಅಕ್ಕ ಫೋನನ್ನು ತಂಗಿಯ ಕೈಗೆ ಕೊಟ್ಟರು. ಪರದೆ ಎಳೆದುಕೊಂಡು ಒಂಟಿಯಾಗಿ ಓದುವ ಕೋಣೆ ಅದು. ಗುಳ್ಳೆಯಮ್ಮ ಇಯರ್‌ಫೋನ್ ಕಿವಿಗೆ ಒತ್ತಿಕೊಂಡು ಕೇಳಿದರು. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ, ದೂರದಲ್ಲಿ, ಸಣ್ಣಗೆ ಸುಯ್ ಎನ್ನುವ ಉಸಿರು. ಒಳಗೆಳೆದಾಗ ಸುಯ್, ಬಿಟ್ಟಾಗ ಸುಯ್. ಗಾಳಿ ಎಲ್ಲಿ ಸೋರುತ್ತದೆ ಎಂದು ಕಿವಿಯಿಂದ ಹೇಳಬಲ್ಲ ಹೆಂಗಸಿಗೆ ಇದು ಯಾರ ಎದೆ ಎಂದು ತಿಳಿಯಲು ತಡವಾಗಲಿಲ್ಲ. ಡೀಸೆಲ್ ಹೊಗೆ ಕುಡಿದು ಬಂದ ಉಬ್ಬಸ ಅದು. ಫ್ಯಾನಿದ್ದಿದ್ದರೆ ಅದರ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತೋ ಏನೋ. ಈಗ ಮುಚ್ಚಲು ಯಾವ ಸದ್ದೂ ಇರಲಿಲ್ಲ.

ಭಾವ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಗುಳ್ಳೆಯಮ್ಮ ಎರಡು ಮೆಟ್ಟಿಲು ಮೇಲೆ ನಿಂತು ಕೇಳಿದರು. "ಭಾವ, ವಾಕಿಂಗ್ ಅಂತ ಹೋಗಿ ಎಲ್ಲಿರ್ತಿದ್ರಿ?"

ಅವರು ಇನ್ನೊಂದು ಚಪ್ಪಲಿಗೆ ಕೈ ಹಾಕಿದರು.

"ಪರದೆ ಹಿಂದೆ ಕೂತಿರ್ತಿದ್ರಾ?"

ಭಾವ ಚಪ್ಪಲಿಯನ್ನೇ ನೋಡುತ್ತ ಹೇಳಿದರು. "ಮೊದಲನೇ ದಿನ ಮಿಷನ್ ಸಿಡಿದು ಗಿಡಿದೀತು ಅಂತ ಕೂತೆ. ಹೊರಗೆ ಹೋಗೋಕೆ ಮನಸ್ಸು ಬರ್ಲಿಲ್ಲ, ಬೀದಿ ತುದಿವರೆಗೆ ಹೋಗಿ ವಾಪಸ್ ಬಂದೆ. ಅವಳು ಆ ಯುದ್ಧದ ಪಾಠ ಓದ್ತಿದ್ಲು. ಅರ್ಧಕ್ಕೆ ನಿಲ್ಲಿಸಿದ್ಲು. ಆ ರಾಜ ಕೋಟೆಯಿಂದ ತಪ್ಪಿಸ್ಕೊಂಡ್ನೋ ಇಲ್ವೋ ಅಂತ ರಾತ್ರಿ ಎಲ್ಲ ಅದೇ ಯೋಚನೆ. ಮಾರನೇ ದಿನಾನೂ ಕೂತೆ. ಇದ್ದೀನಿ ಅಂತ ಹೇಳಿದ್ರೆ ಓದೋದು ನಿಲ್ಲಿಸ್ತಾಳೆ ಅಲ್ವಾ."

"ನೀರು?"

"ಡಬ್ಬೀಲಿ ನೀರು ಗೆರೆಗಿಂತ ಕೆಳಗಿತ್ತು. ಬೆಳಿಗ್ಗೆ ಎದ್ದು ಬಸ್ಸಿನ ರೇಡಿಯೇಟರಿಗೆ ನೀರು ನೋಡ್ದೆ ಗಾಡಿ ತೆಗೆದವನಲ್ಲ ನಾನು. ಕಮ್ಮಿ ಕಂಡ್ರೆ ಕೈ ಸುಮ್ನಿರಲ್ಲ. ಅವಳು ಓದಿ ಎದ್ದು ಹೋದ್ಮೇಲೆ ಒಂದೊಂದು ಲೋಟ ಹಾಕ್ತಿದ್ದೆ. ಸುಟ್ಟು ಹೋದ್ರೆ ಅವಳ ಓದು ನಿಲ್ಲುತ್ತಲ್ಲ. ನಲ್ಲಿ ನೀರು ಆಗಲ್ಲ ಅಂತ ನಂಗೇನು ಗೊತ್ತು?"

ಇದನ್ನು ಹೇಳುವಾಗ ಗುಳ್ಳೆಯಮ್ಮ ಕಂಪ್ಯೂಟರಿನ ಕಡೆ ನೋಡುತ್ತಾರೆ, ನನ್ನ ಕಡೆ ಅಲ್ಲ. "ಹಾಕಿದ್ದು ಅವರೇ. ನನ್ನ ಗುಮಾನಿ ಸರಿಯಾಗೇ ಇತ್ತು. ಆದ್ರೆ ಯಾಕೆ ಹಾಕಿದ್ರು ಅನ್ನೋದನ್ನ ತೊಟ್ಟೀಲಿ ಮುಳುಗಿಸಿ ನೋಡೋಕೆ ಆಗುತ್ತಾ?" ಕ್ಷಮೆ ಕೇಳಿದಿರಾ ಎಂದೆ. "ಬಾಯಲ್ಲಿ ಕೇಳೋದು ನಂಗೆ ಬರಲ್ಲ" ಎಂದರು. ಕೇಳುವ ಬದಲು ಬೀಗ ತೆಗೆದರಂತೆ. ಬ್ಯಾಟರಿ ನೀರಿನ ದೊಡ್ಡ ಕ್ಯಾನೊಂದನ್ನು ತಂದು ಭಾವನ ಕೈಗೆಟುಕುವ ಎತ್ತರದಲ್ಲಿ ಹಲಗೆ ಹೊಡೆದು ಇಟ್ಟರಂತೆ. "ನೀರು ನೋಡೋದು ಇನ್ಮೇಲೆ ನಿಮ್ಮ ಡ್ಯೂಟಿ, ಭಾವ" ಎಂದರಂತೆ. ಭಾವ ಕ್ಯಾನಿನ ಮುಚ್ಚಳ ತೆಗೆದು ಮೂಸಿ, "ಸರಿಯಾದ್ದೇ ತಾನೇ ಇದು?" ಎಂದು ಕೇಳಿದರಂತೆ. ಅನುಮಾನ ಈ ಮನೆಯಲ್ಲಿ ಎಲ್ಲರಿಗೂ ಅಂಟಿದೆ.

ಉಸಿರು ಸೇರಿದ್ದ ಪಾಠಗಳನ್ನೆಲ್ಲ ಅಕ್ಕ ಮತ್ತೆ ಓದಬೇಕಾಯಿತು. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಕೂತು ಪರೀಕ್ಷೆಗೆ ಮುಂಚೆ ಮುಗಿಸಿಕೊಟ್ಟರು. ಒಮ್ಮೆಯೂ ಬೈಯಲಿಲ್ಲ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಮಾತು ಅವರು ಪೂರ್ತಿ ಕೇಳಿದ್ದು ಇದೇ ಮೊದಲು" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಓದುವಾಗ ಭಾವ ಈಗ ನಿಜವಾಗಿಯೂ ವಾಕಿಂಗಿಗೆ ಹೋಗುತ್ತಾರೆ. ವಾಪಸ್ ಬಂದು, ಇಯರ್‌ಫೋನ್ ಹಾಕಿಕೊಂಡು, ಆ ದಿನದ ಪಾಠವನ್ನು ಮೊದಲಿಂದ ಕೊನೆತನಕ ಕೇಳುತ್ತಾರೆ. ಹಾಳೆ ಮಗುಚಿದ ಸದ್ದು ಬಂದಿದ್ದರೆ ಕೇಂದ್ರಕ್ಕೆ ಹೋಗುವ ಮೊದಲೇ ಹಿಡಿದು ಹಾಕುತ್ತಾರೆ. ನಾನಿದ್ದಾಗಲೂ ಹಾಗೇ ಕೂತಿದ್ದರು. ಮಾತಾಡಿಸಲು ಹೋದರೆ "ಒಂದ್ನಿಮಿಷ, ಸಂಧಾನ ನಡೀತಿದೆ" ಎಂದು ಕೈಯೆತ್ತಿ ತಡೆದರು.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಸಂಶಯ ಪೂರ್ತಿ ಹೋಗಿರಲಿಲ್ಲವೆಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಕಂಪ್ಯೂಟರಿಗೆ ಭಾರದ ಕೆಲಸ ಕೊಡಿ ಎಂದೆ. ಅಕ್ಕ ಕೊಟ್ಟರು. ನಾನು ಪೈಪಿನ ಮೇಲೆ ಕೈಯಿಟ್ಟು ಕುಳಿತೆ. ಮೆಲ್ಲಮೆಲ್ಲಗೆ, ಜ್ವರ ಬಂದವರ ಹಣೆಯ ಹಾಗೆ, ಅದು ಬೆಚ್ಚಗಾಯಿತು. ಅಲ್ಲಿಗೇ ನಿಂತಿತು, ಅದಕ್ಕಿಂತ ಹೆಚ್ಚು ಕಾಯಲಿಲ್ಲ, ಆರಲೂ ಇಲ್ಲ. ಹಿಡಿಯಲು ಬಂದ ಫ್ಯಾನು ಎಲ್ಲೂ ಇರಲಿಲ್ಲ.

ಕೇಂದ್ರದವರು ತಮ್ಮ ಧ್ವನಿಮುದ್ರಣ ಕೋಣೆಯ ಕಂಪ್ಯೂಟರುಗಳಿಗೂ ಇದೇ ವ್ಯವಸ್ಥೆ ಮಾಡಿಕೊಡಿ ಎಂದು ಕೇಳಿದ್ದಾರೆ. ಗುಳ್ಳೆಯಮ್ಮ ಇನ್ನೂ ಒಪ್ಪಿಲ್ಲ. ಆ ಗೋಡೆ ಇಷ್ಟು ಭಾರ ತಡೆದೀತೇ, ಅಲ್ಲಿ ನೀರು ನೋಡುವವರು ಯಾರು, ಬೇಕಾಬಿಟ್ಟಿ ಯಾರಾದರೂ ಪೈಪು ಬಾಗಿಸಿಬಿಟ್ಟರೆ ಏನು ಗತಿ ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ. ಹಾಗೆಂದು ಗುಜರಿಯಲ್ಲಿ ಹಿತ್ತಾಳೆಯ ರೇಡಿಯೇಟರ್ ಕಂಡರೆ ತಮಗಾಗಿ ತೆಗೆದಿಡಲು ಆಗಲೇ ಹೇಳಿಟ್ಟಿದ್ದಾರೆ.

ಹೊರಡುವಾಗ, ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಶೆಡ್ಡಿನ ಬಾಗಿಲು ತೆರೆಯುತ್ತಿದ್ದವರು ಬೀಗ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು.

"ಒಂದಿದೆ. ಅಕ್ಕನ ಪಾಠ ಕೇಳೋ ಹುಡುಗಿಯೋ ಹುಡುಗನೋ ಯಾರಾದ್ರೂ ಒಬ್ಬರನ್ನ ನೋಡ್ಬೇಕು. ಮಾತಾಡ್ಸೋಕಲ್ಲ. ಅವರು ಕೇಳ್ತಾ ಕೂತಿರೋವಾಗ ದೂರದಲ್ಲಿ ನಿಂತ್ಕೊಂಡು ಹಣೆ ನೋಡ್ಬೇಕು. ಗಂಟು ಬಿದ್ದಿದ್ಯಾ, ಬಿಚ್ಚಿಕೊಂಡಿದ್ಯಾ ಅಂತ."

ಚೆನ್ನಾಗಿ ಕೇಳಿಸುತ್ತದೆ ಎಂದು ಎಲ್ಲರೂ ಹೇಳಿದ್ದಾರಂತಲ್ಲ ಎಂದೆ.

"ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ" ಎನ್ನುತ್ತಾ ಅವರು ತೋಳು ಮಡಿಸಿ ತೊಟ್ಟಿಯ ಕಡೆ ನಡೆದರು. "ನಾನು ನೋಡೇ ನಂಬೋದು."